ಕೆರೆಯ ಏರಿಯನ್ನು ನೂಕುವುದು ಯಾವುದು?

ಮಳೆಗಾಲದಲ್ಲಿ ಹಾವೇರಿಯ ಹೆಗ್ಗೇರಿ ತುಂಬಿದಾಗ ಅದರ ಏರಿಯ ಮೇಲೆ ನಿಂತು ನೋಡುವವರಿಗೆ ಒಂದು ಸಂದೇಹ ಬಾರದಿರದು. ಇಷ್ಟೊಂದು ದೂರ ಹರಡಿರುವ ಜಲರಾಶಿಯನ್ನು ಮಣ್ಣಿನ ಒಂದು ದಿಬ್ಬ ತಡೆದು ನಿಲ್ಲಿಸಿರುವುದು ಹೇಗೆ? ಕೆರೆಯು ಇನ್ನೂ ಎರಡು ಮೈಲಿ ಹಿಂದಕ್ಕೆ ಚಾಚಿದ್ದರೆ ಏರಿಯ ಮೇಲಿನ ನೂಕು ಇನ್ನಷ್ಟು ಹೆಚ್ಚುತ್ತಿರಲಿಲ್ಲವೆ?

ಹೆಚ್ಚುತ್ತಿರಲಿಲ್ಲ ಎಂಬುದೇ ಭೌತಶಾಸ್ತ್ರದ ಉತ್ತರ. ನಿಂತ ನೀರಿನ ಒತ್ತಡವು ಆಳವನ್ನು ಅವಲಂಬಿಸಿರುತ್ತದೆಯೇ ಹೊರತು ವಿಸ್ತಾರವನ್ನಲ್ಲ. ೧೦ ಮೀಟರು ಆಳದಲ್ಲಿ ಒಂದು ಚದರ ಸೆಂಟಿಮೀಟರಿನಷ್ಟು ಜಾಗವನ್ನು ಊಹಿಸಿಕೊಳ್ಳೋಣ. ಅದರ ಮೇಲೆ ನಿಂತಿರುವ ನೀರಿನ ಕಂಬದ ಗಾತ್ರ ೧೦೦೦ ಘನ ಸೆಂಟಿಮೀಟರು. ತೂಕ ೧ ಕಿಲೋಗ್ರಾಂ. ಆದ್ದರಿಂದ ಅಲ್ಲಿ ನೀರಿನ ಒತ್ತಡ ಚದರ ಸೆಂಟಿಮೀಟರಿಗೆ ೧ ಕಿಲೋಗ್ರಾಂ ತೂಕದಷ್ಟು. ನಿಶ್ಚಲವಾದ ದ್ರವದಲ್ಲಿ ಒಂದು ಬಿಂದುವಿನ ಒತ್ತಡ ಎಲ್ಲ ದಿಕ್ಕುಗಳಲ್ಲಿಯೂ ಸಮವಾದುದರಿಂದ ಏರಿಯನ್ನು ಅಡ್ಡಲಾಗಿ ಒತ್ತುವುದೂ ಅಷ್ಟೇ. ಹತ್ತು ಮೀಟರು ನೀರಿರುವ ಬಾವಿಯ ತಳದಲ್ಲಿಯೂ, ಅಷ್ಟೇ ಆಳದ ಸರೋವರದ ತಳದಲ್ಲಿಯೂ ಈ ಲೆಕ್ಕ ಒಂದೇ.

ಈ ಸತ್ಯವನ್ನು ಸ್ಪಷ್ಟವಾಗಿ ನಿರೂಪಿಸಿದವನು ಸೈಮನ್ ಸ್ಟೆವಿನ್. ಸಮುದ್ರವನ್ನು ಮಣ್ಣಿನ ಒಡ್ಡುಗಳಿಂದ ತಡೆದು ಬದುಕುವ ನಾಡಿನವನಾದ ಆತನು ೧೫೮೬ರಲ್ಲಿ, ವಿದ್ವಾಂಸರ ಲ್ಯಾಟಿನ್ನನ್ನು ಬಿಟ್ಟು, ತನ್ನ ಡಚ್ ನುಡಿಯಲ್ಲಿಯೇ ಇದನ್ನು ಬರೆದನು. ನಮ್ಮ ರಾಣೆಬೆನ್ನೂರು, ಬ್ಯಾಡಗಿಗಳಲ್ಲಿಯೂ ಇದಕ್ಕೆ ಸಾಕ್ಷಿಯುಂಟು. ನೀರಿನ ತೊಟ್ಟಿಯನ್ನು ಕಂಬಗಳ ಮೇಲೆ ಎತ್ತರದಲ್ಲಿ ಕಟ್ಟುವುದು ಕೆಳಗಿನ ನಲ್ಲಿಗಳಿಗೆ ಒತ್ತಡ ದೊರೆಯಲೆಂದೇ. ತೊಟ್ಟಿಯನ್ನು ಎಷ್ಟು ಅಗಲ ಮಾಡಿದರೂ ಆ ಒತ್ತಡ ಹೆಚ್ಚದು.

ಇನ್ನು ಏರಿಯ ಮೇಲೆ ಬೀಳುವ ಒಟ್ಟು ಬಲವೆಷ್ಟು? ಲೆಕ್ಕ ಸುಲಭವಾಗಲೆಂದು ಏರಿಯ ಮುಖ ನೆಟ್ಟಗಿದೆಯೆಂದು ಭಾವಿಸೋಣ. ನೀರು ೧೦ ಮೀಟರು ಆಳವಿದ್ದರೆ, ಮೇಲ್ಮಟ್ಟದಲ್ಲಿ ನೀರಿನ ಒತ್ತಡ ಸೊನ್ನೆ, ತಳದಲ್ಲಿ ಚದರ ಸೆಂಟಿಮೀಟರಿಗೆ ೧ ಕಿಲೋಗ್ರಾಂ; ಸರಾಸರಿ ಅರ್ಧ ಕಿಲೋಗ್ರಾಂ. ಏರಿಯ ಒಂದು ಮೀಟರು ಉದ್ದದಲ್ಲಿ ನೀರು ತಾಗುವ ಜಾಗ ಒಂದು ಲಕ್ಷ ಚದರ ಸೆಂಟಿಮೀಟರು. ಬಲವು ೫೦ ಟನ್ನು ತೂಕದಷ್ಟಾಯಿತು! ನೀರು ೫ ಮೀಟರು ಮಾತ್ರವಿದ್ದರೆ ಅದು ಹನ್ನೆರಡೂವರೆ ಟನ್ನು. ಆಳ ಇಮ್ಮಡಿಯಾದರೆ ಬಲ ನಾಲ್ಮಡಿಯಾಗುತ್ತದೆ.

ಹಾವೇರಿ ಜಿಲ್ಲೆಯ ಮಾಸೂರಿನ ಬಳಿ, ವಿಜಯನಗರದ ಕಾಲದಲ್ಲಿ ಕುಮುದ್ವತಿ ನದಿಗೆ ಅಡ್ಡಲಾಗಿ ಕಟ್ಟಿದ ಮದಗದ ಕೆರೆಯ ಏರಿಯನ್ನು ನೋಡಿದವರಿಗೆ ಈ ಲೆಕ್ಕದ ಅರ್ಥ ಮನದಟ್ಟಾಗುವುದು. ಅದರ ಎತ್ತರ ಸುಮಾರು ನೂರು ಅಡಿ; ತಳದ ಅಗಲ ಎತ್ತರದ ಹಲವು ಮಡಿ. ಕಟ್ಟಿದವರು ಸೂತ್ರಗಳನ್ನು ಬರೆದಿಟ್ಟಿರಲಿಕ್ಕಿಲ್ಲ. ಆದರೆ ನೀರಿನ ನೂಕು ತಳದಲ್ಲಿ ಪ್ರಬಲವೆಂಬುದನ್ನು ಅವರ ಮಣ್ಣಿನ ರಾಶಿಯೇ ಹೇಳುತ್ತದೆ.

ಹಾಗಾದರೆ ಭದ್ರವಾದ ಏರಿಯೂ ಒಡೆಯುವುದೇಕೆ? ಕೆಲವೊಮ್ಮೆ ಒಂದು ಇಲಿಯ ಬಿಲವೇ ಸಾಕು. ನೀರಿನ ಮಟ್ಟದಿಂದ ೫ ಮೀಟರು ಕೆಳಗೆ ರಂಧ್ರವೊಂದು ಏರಿಯನ್ನು ದಾಟಿತೆನ್ನೋಣ. ಘರ್ಷಣೆಯನ್ನು ಗಣಿಸದಿದ್ದರೆ, ನೀರು ಅಲ್ಲಿಂದ ಸೆಕೆಂಡಿಗೆ ಸುಮಾರು ೧೦ ಮೀಟರು ವೇಗದಿಂದ ಚಿಮ್ಮಬೇಕು. ಉದ್ದವಾದ ಬಿಲದಲ್ಲಿ ಘರ್ಷಣೆಯಿಂದ ವೇಗ ತಗ್ಗುವುದು ನಿಜ. ಆದರೂ ಹರಿವ ನೀರು ಮಣ್ಣನ್ನು ಕೊರೆದೊಯ್ಯುತ್ತದೆ. ರಂಧ್ರ ಹಿಗ್ಗಿದಂತೆ ಘರ್ಷಣೆ ಕುಗ್ಗಿ ಹರಿವು ಹೆಚ್ಚುತ್ತದೆ. ಹರಿವು ಹೆಚ್ಚಿದಂತೆ ರಂಧ್ರ ಮತ್ತಷ್ಟು ಹಿಗ್ಗುತ್ತದೆ. ಕಡೆಗೆ ಏರಿಯೇ ಕುಸಿಯುತ್ತದೆ.

ಆದುದರಿಂದ ಏರಿಯ ಬುಡದ ಮಣ್ಣನ್ನು ಮನೆ, ಹೊಲಗಳಿಗೆ ಅಗೆದು ಸಾಗಿಸುವುದು ಸಣ್ಣ ತಪ್ಪಲ್ಲ. ನೀರು ಅತಿ ಹೆಚ್ಚು ಒತ್ತುವಲ್ಲಿಯೇ ಏರಿಯನ್ನು ಸೊರಗಿಸಿದಂತೆ. ನಮ್ಮ ವಿದ್ಯಾರ್ಥಿಗಳು ತುಂಬಿದ ಕೆರೆಯನ್ನು ನೋಡಲು ಹೋದಾಗ ನೀರಿನ ಕಡೆಗೆ ಮಾತ್ರವಲ್ಲ, ಏರಿಯ ಹಿಂಬದಿಯ ಬುಡದತ್ತಲೂ ಕಣ್ಣು ಹಾಯಿಸಲಿ. ಮಣ್ಣಿನ ಏರಿ ತುಸು ಜಿನುಗುವುದು ಸಹಜ. ಆದರೆ ಜಿನುಗುವ ನೀರು ತಿಳಿಯಾಗಿದೆಯೆ, ಕದಡಿದೆಯೆ? ಕದಡಿದ್ದರೆ ಏರಿಯ ಒಡಲ ಮಣ್ಣು ಕರಗಿ ಹೊರಬರುತ್ತಿದೆಯೆಂದೇ ತಿಳಿದು, ಒಡನೆಯೇ ಊರಿನ ಹಿರಿಯರಿಗೂ ಅಧಿಕಾರಿಗಳಿಗೂ ಸುದ್ದಿ ಮುಟ್ಟಿಸಬೇಕು.