ಗೆಲುವು ಯಾರ ಲೆಕ್ಕಕ್ಕೆ?

ತ್ರಿಪ್ಪುಣಿತ್ತುರದ ಪ್ಯಾಲೇಸ್ ಓವಲ್ ಮೈದಾನವು ಕೊಚ್ಚಿಯಲ್ಲಿ ನೆಲೆಸಿರುವ ಕ್ರಿಕೆಟ್ ಪ್ರೇಮಿಗಳಾದ ಕನ್ನಡಿಗರಿಗೆ ಅಪರಿಚಿತವಲ್ಲ. ಕೆ.ವಿ. ಕೇಳಪ್ಪನ್ ತಂಬುರಾನ್ ಅವರು 1951ರಲ್ಲಿ ಇಲ್ಲಿ ಆರಂಭಿಸಿದ ಪೂಜಾ ಪಂದ್ಯಾವಳಿಯು ಸೀಮಿತ ಓವರುಗಳ ಆಟಕ್ಕೆ ನಾಂದಿ ಹಾಡಿದವುಗಳಲ್ಲಿ ಒಂದೆಂದು ಪ್ರಸಿದ್ಧವಾಗಿದೆ. ಇಂಗ್ಲೆಂಡಿನ ಜಿಲೆಟ್ ಕಪ್ ಆರಂಭವಾದುದು 1963ರಲ್ಲಿ. ಪಂದ್ಯ ಮುಗಿದ ಬಳಿಕ ನಾವೆಲ್ಲರೂ ಕೇಳುವ ಪ್ರಶ್ನೆಯೊಂದಿದೆ: ಗೆದ್ದುದು ಯಾರಿಂದ?

ಕ್ರಿಕೆಟ್ಟಿನಲ್ಲಿ ಬೌಲರನ ಹೆಸರಿನ ಮುಂದೆ ವಿಕೆಟ್ಟುಗಳನ್ನೂ ಕೊಟ್ಟ ಓಟಗಳನ್ನೂ ಬರೆಯುತ್ತೇವೆ. ಗೆಲುವನ್ನು ತಂಡಕ್ಕೆ ಬಿಡುತ್ತೇವೆ. ಅಮೆರಿಕದ ಬೇಸ್‌ಬಾಲಿನ ಸಂಪ್ರದಾಯ ಬೇರೆ. ಅಲ್ಲಿ ಚೆಂಡೆಸೆಯುವ ಪಿಚರನ ಹೆಸರಿಗೇ ಗೆಲುವು, ಸೋಲುಗಳು ದಾಖಲಾಗುತ್ತವೆ. ಗೆಲುವುಗಳನ್ನು ಗೆಲುವು-ಸೋಲುಗಳ ಮೊತ್ತದಿಂದ ಭಾಗಿಸಿದರೆ ಆತನ ಗೆಲುವಿನ ಪ್ರಮಾಣ ದೊರೆಯುತ್ತದೆ.

ಮೊದಲ ವೃತ್ತಿಪರ ಲೀಗ್ ನಡೆದುದು 1871ರಿಂದ 1875ರವರೆಗೆ. ಅಂದು ಒಬ್ಬನೇ ಪಿಚರ್ ತಂಡದ ಬಹುಪಾಲು ಪಂದ್ಯಗಳನ್ನು ಆಡುತ್ತಿದ್ದನು. ಮುಂದೆ ಕ್ರೀಡಾಸಾಮಗ್ರಿಗಳ ಉದ್ಯಮಿಯಾಗಿ ಹೆಸರಾದ ಆಲ್ಬರ್ಟ್ ಸ್ಪಾಲ್ಡಿಂಗ್ 1875ರಲ್ಲಿ ಬಾಸ್ಟನ್ ಪರವಾಗಿ 54 ಗೆದ್ದು 5 ಸೋತನು. ಅಂದರೆ ನೂರಕ್ಕೆ 91.5. ಬೆರಗಾಗುವ ಮುನ್ನ ತಂಡದ ಲೆಕ್ಕವನ್ನೂ ನೋಡಬೇಕು. ಬಾಸ್ಟನ್ ಆ ವರ್ಷ 71 ಗೆದ್ದು 8 ಸೋತಿತ್ತು. ಸ್ಪಾಲ್ಡಿಂಗನ ಪಾಲನ್ನು ಕಳೆದರೂ ಉಳಿದ 20ರಲ್ಲಿ 17 ಗೆಲುವು, ನೂರಕ್ಕೆ 85!

ಮರುವರ್ಷದ ಹೋಲಿಕೆ ಇನ್ನೂ ಬೋಧಪ್ರದವಾಗಿದೆ. 1876ರಲ್ಲಿ ಸ್ಪಾಲ್ಡಿಂಗ್ ಶಿಕಾಗೋ ಪರ 47 ಗೆದ್ದು 12 ಸೋತನು. ಲೂಯಿವಿಲ್ ತಂಡದ ಜಿಮ್ ಡೆವ್ಲಿನ್ 30 ಗೆದ್ದು 35 ಸೋತನು. ಆದರೆ ಕ್ಷೇತ್ರರಕ್ಷಕರ ತಪ್ಪಿನಿಂದ ಬಂದ ಓಟಗಳನ್ನು ಬಿಟ್ಟು ಲೆಕ್ಕ ಹಾಕಿದರೆ, ಒಂಬತ್ತು ಸರದಿಗಳಿಗೆ ಡೆವ್ಲಿನ್ ಕೊಟ್ಟುದು 1.56 ಓಟ, ಸ್ಪಾಲ್ಡಿಂಗ್ 1.75. ಚೆಂಡೆಸೆತದಲ್ಲಿ ಡೆವ್ಲಿನ್ ಕಡಿಮೆಯವನಾಗಿರಲಿಲ್ಲ. ಅವನ ತಂಡ ದುರ್ಬಲವಾಗಿತ್ತು.

ಇದೇ ಅಳತೆಗೋಲನ್ನು ನಮ್ಮ ಮೈಸೂರಿನ ಬಿ.ಎಸ್. ಚಂದ್ರಶೇಖರ್ ಅವರಿಗೆ ಹಚ್ಚಿದರೆ ಏನಾಗುತ್ತದೆ? ಅವರು ಆಡಿದ 58 ಟೆಸ್ಟುಗಳಲ್ಲಿ ಭಾರತ ಗೆದ್ದುದು 14, ಅಂದರೆ ನೂರಕ್ಕೆ 24 ಮಾತ್ರ. ಆದರೆ ಆ 14 ಗೆಲುವುಗಳಲ್ಲಿ ಅವರು 19.27ರ ಸರಾಸರಿಯಲ್ಲಿ 98 ವಿಕೆಟ್ ಪಡೆದರು. 1971ರ ಓವಲ್ ಟೆಸ್ಟಿನಲ್ಲಿ 38 ಓಟಗಳಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡ್ ನೆಲದಲ್ಲಿ ಭಾರತದ ಮೊದಲ ಗೆಲುವಿಗೆ ಕಾರಣರಾದವರನ್ನು ಶೇಕಡಾ 24ರ ಬೌಲರ್ ಎನ್ನಲಾದೀತೆ?

ಗೆದ್ದ ಪಂದ್ಯಗಳಲ್ಲಿ ಬೌಲರನ ಸರಾಸರಿ ಉತ್ತಮವಾಗಿರುವುದು ಸಹಜವೇ. ಆದ್ದರಿಂದ ಆ ಅಂಕಿಯನ್ನೂ ಒಂಟಿಯಾಗಿ ನಂಬಲಾಗದು. ಸೀಮಿತ ಓವರುಗಳ ಆಟದಲ್ಲಂತೂ ಪ್ರತಿಯೊಬ್ಬ ಬೌಲರನ ಪಾಲಿಗೆ ಮಿತಿಯಿರುವುದರಿಂದ ಗೆಲುವನ್ನು ಒಬ್ಬನ ಖಾತೆಗೆ ಬರೆಯುವುದು ಮತ್ತಷ್ಟು ಕಷ್ಟ. ನಮ್ಮ ಮಕ್ಕಳು ಸೋತ ತಂಡದಲ್ಲಿ ಆಡಿ ಮನೆಗೆ ಬಂದಾಗ ಫಲಿತಾಂಶವನ್ನಷ್ಟೇ ಕೇಳದೆ, ಅವರು ಎಸೆದ ಓವರುಗಳ ಲೆಕ್ಕವನ್ನೂ ಕೇಳುವುದು ನ್ಯಾಯವೆಂದು ನಾವು ಭಾವಿಸುತ್ತೇವೆ.