ಮೇಲೆ ಪ್ರಾರ್ಥನೆ, ಕೆಳಗೆ ಸೆರೆ

ಪರದೇಶಕ್ಕೆ ಸೇವೆಗೆಂದು ಹೋದವರಿಗೂ ಒಂದು ದಿನದ ಬಿಡುವು ಬೇಕಷ್ಟೆ. ಅಮೆರಿಕದಿಂದಲೂ ಯುರೋಪಿನಿಂದಲೂ ಪಶ್ಚಿಮ ಆಫ್ರಿಕದ ಘಾನಾ ದೇಶಕ್ಕೆ ಬರುವ ಕ್ರೈಸ್ತ ಸೇವಾತಂಡಗಳ ದಿನಚರಿಯಲ್ಲಿ ಇಂಥದೊಂದು ದಿನ ಸಾಮಾನ್ಯವಾಗಿ ಇದ್ದೇ ಇರುತ್ತದೆ. ವಾರವೋ ಎರಡು ವಾರವೋ ಶಾಲೆಯ ಗೋಡೆ ಕಟ್ಟಿ, ಹಳ್ಳಿಗಳಲ್ಲಿ ಔಷಧ ಹಂಚಿ, ಮಕ್ಕಳಿಗೆ ಬೈಬಲಿನ ಕಥೆ ಹೇಳಿ ದಣಿದವರು ಊರಿಗೆ ಮರಳುವ ಮುನ್ನ ದೇಶ ನೋಡಲು ಹೊರಡುತ್ತಾರೆ. ರಾಜಧಾನಿ ಆಕ್ರಾದಿಂದ ಪಡುವಣಕ್ಕೆ ಸುಮಾರು ೧೪೫ ಕಿಲೋಮೀಟರು ಸಾಗಿದರೆ ಕೇಪ್ ಕೋಸ್ಟ್ ಎಂಬ ಹಳೆಯ ಕಡಲೂರು.

ದಾರಿಯುದ್ದಕ್ಕೂ ಕಣ್ಣಿಗೆ ಹಬ್ಬ. ಕ್ಷೌರದಂಗಡಿಗೂ ಬಟ್ಟೆಯಂಗಡಿಗೂ ದೇವರ ಹೆಸರು; ಬಾಡಿಗೆಯ ವ್ಯಾನುಗಳ ಬೆನ್ನಿನ ಮೇಲೆ ಬೈಬಲಿನ ವಾಕ್ಯ. ನಮ್ಮ ಲಾರಿಗಳ ಹಣೆಯ ಮೇಲೆ ಕುಲದೈವಗಳ ಹೆಸರು ಕಂಡವರಿಗೆ ಇದರಲ್ಲಿ ಸೋಜಿಗವೇನೂ ತೋರದು. ಪರದೇಶದ ಅತಿಥಿಗಳಿಗೆ ಮಾತ್ರ ಬಲು ವಿನೋದ.

ಬೆಳಗಿನ ಹೊತ್ತು ಕಾಕುಮ್ ಅರಣ್ಯಕ್ಕೆ ಮೀಸಲು. ಅಲ್ಲಿ ಹೆಮ್ಮರದಿಂದ ಹೆಮ್ಮರಕ್ಕೆ ಹಗ್ಗ ಬಿಗಿದು ಏಳು ತೂಗುಸೇತುವೆಗಳನ್ನು ಕಟ್ಟಿದ್ದಾರೆ. ೧೯೯೫ರಲ್ಲಿ ತೆರೆದ ಈ ದಾರಿಯ ಉದ್ದ ಸುಮಾರು ೩೫೦ ಮೀಟರು. ಕೆಲವೆಡೆ ನೆಲ ೩೦ ಮೀಟರಿಗೂ ಕೆಳಗೆ. ಒಬ್ಬರು ನಡೆದರೆ ಹಿಂದಿನವರ ಕಾಲಡಿಯೂ ತೂಗುತ್ತದೆ. ನಗೆ, ಚೀರಾಟ, ಒಬ್ಬರ ಭಾವಚಿತ್ರ ಇನ್ನೊಬ್ಬರು ತೆಗೆಯುವ ಸಡಗರ. ಮಧ್ಯಾಹ್ನ ಕೆಂಕಿಯ ಊಟ. ಹುಳಿಬಂದ ಮುಸುಕಿನ ಜೋಳದ ಹಿಟ್ಟನ್ನು ಬಾಳೆಯೆಲೆಯಲ್ಲಿ ಸುತ್ತಿ ಬೇಯಿಸಿದ ಈ ಪದಾರ್ಥ ನಮ್ಮ ಕಡುಬಿನ ದೂರದ ನೆಂಟನೇ ಸರಿ. ಜೊತೆಗೆ ಕರಿದ ಮೀನು, ಖಾರದ ಗೊಜ್ಜು.

ಊಟ ಮುಗಿದ ಮೇಲೆ ಕೋಟೆ.

ಸುಣ್ಣ ಬಳಿದ ಗೋಡೆಗಳು, ಕಡಲಿಗೆ ಮುಖಮಾಡಿದ ತೋಪುಗಳ ಸಾಲು. ದೂರದಿಂದ ನೋಡಿದರೆ ಯಾವುದೋ ಅರಸನ ವಿಹಾರಧಾಮವೆನ್ನಬೇಕು. ೧೬೫೩ರಲ್ಲಿ ಸ್ವೀಡನ್ನಿನವರು ಇಲ್ಲಿ ಮೊದಲ ಕೋಟೆ ಕಟ್ಟಿದರು. ಕೈಯಿಂದ ಕೈಗೆ ದಾಟಿ ೧೬೬೪ರ ಸುಮಾರಿಗೆ ಅದು ಇಂಗ್ಲಿಷರ ವಶವಾಯಿತು. ಚಿನ್ನದ ವ್ಯಾಪಾರಕ್ಕೆಂದು ಕಟ್ಟಿದ ಕೋಟೆ ಮನುಷ್ಯರ ವ್ಯಾಪಾರದಲ್ಲಿ ಬೆಳೆಯಿತು. ೧೮೦೭ರಲ್ಲಿ ಬ್ರಿಟನ್ ಆ ವ್ಯಾಪಾರವನ್ನು ನಿಷೇಧಿಸುವವರೆಗೂ, ಒಳನಾಡಿನಲ್ಲಿ ಹಿಡಿದು ತಂದ ಗಂಡಸರನ್ನೂ ಹೆಂಗಸರನ್ನೂ ಹಡಗು ಬರುವತನಕ ಇಲ್ಲಿನ ನೆಲಮಾಳಿಗೆಗಳಲ್ಲಿ ತುಂಬಿಡುತ್ತಿದ್ದರು.

ಗಂಡಸರ ನೆಲಮಾಳಿಗೆಗೆ ಇಳಿಜಾರಿನಲ್ಲಿ ಇಳಿಯಬೇಕು. ಎತ್ತರದಲ್ಲಿ ಒಂದೆರಡು ಕಿಂಡಿಗಳು, ಬೇರೆ ಬೆಳಕಿಲ್ಲ. ಕಾಲಡಿಯ ನೆಲ ಕಲ್ಲಲ್ಲ, ತಲೆಮಾರುಗಳ ಮಲಮೂತ್ರವೂ ಬೆವರೂ ಸೇರಿ ಗಟ್ಟಿಯಾದ ಪದರವೆಂದು ಮಾರ್ಗದರ್ಶಿ ತಿಳಿಸುತ್ತಾನೆ. ಮಾತು ಅಲ್ಲಿಗೆ ನಿಲ್ಲುತ್ತದೆ. ಬಳಿಕ ಅವನು ಮೇಲಕ್ಕೆ ಕೈ ತೋರಿಸಿ, ಈ ಚಾವಣಿಯ ಮೇಲಿನ ಕೋಣೆಯೇ ಕೋಟೆಯ ಚರ್ಚು ಆಗಿತ್ತು ಎನ್ನುತ್ತಾನೆ. ೨೦೦೯ರಲ್ಲಿ ಅಮೆರಿಕದ ಅಂದಿನ ಅಧ್ಯಕ್ಷ ಬರಾಕ್ ಒಬಾಮಾ ಮಡದಿಮಕ್ಕಳೊಡನೆ ಬಂದಾಗ ಅವರ ಮನಸ್ಸನ್ನು ತಟ್ಟಿದ್ದೂ ಈ ಸಂಗತಿಯೇ. ಸುವಾರ್ತೆ ಸಾರಲು ಬಂದ ತಂಡಕ್ಕಂತೂ ಇದು ಸುಲಭವಾಗಿ ದಾಟಿ ಹೋಗುವ ಮಾತಲ್ಲ.

ಕತ್ತಲೆಯ ಒಂದು ಕೊನೆಯಲ್ಲಿ ಸ್ಥಳದೈವ ತಾಬೀರನ ಗದ್ದುಗೆಯಿದೆ. ಕೋಟೆ ಏಳುವ ಮುನ್ನವೇ ಆ ಬಂಡೆ ಅವನ ನೆಲೆಯಾಗಿತ್ತೆಂದು ಊರವರ ನಂಬಿಕೆ. ಸೆರೆಯಾಗಿ ಹೋದವರ ಸಂತತಿಯವರು ಕಡಲಾಚೆಯಿಂದ ಬಂದು ಇಲ್ಲಿ ಹೂಮಾಲೆ ಇಡುವುದುಂಟು. ತಂಡದವರಲ್ಲಿ ಕೆಲವರು ತಲೆತಗ್ಗಿಸುತ್ತಾರೆ. ಅನ್ಯದೈವದ ಮುಂದೆ ಏನು ಮಾಡಬೇಕೆಂದು ತೋಚದೆ ಕೆಲವರು ಹಿಂದೆ ಸರಿಯುತ್ತಾರೆ.

ಅಂಗಳಕ್ಕೆ ಬಂದರೆ ಗೋರಿಗಳು. ಇಲ್ಲಿಯೇ ಮಲಗಿರುವವನು ಫಿಲಿಪ್ ಕ್ವಾಕ್. ಥಾಮಸ್ ಥಾಂಪ್ಸನ್ ಎಂಬ ಆಂಗ್ಲ ಪಾದ್ರಿ ೧೭೫೪ರಲ್ಲಿ ಈ ಊರಿನ ಮೂವರು ಬಾಲಕರನ್ನು ವಿದ್ಯೆಗಾಗಿ ಇಂಗ್ಲೆಂಡಿಗೆ ಕಳುಹಿಸಿದ. ಇಬ್ಬರು ಅಲ್ಲಿಯೇ ತೀರಿಕೊಂಡರು. ಉಳಿದ ಕ್ವಾಕ್ ೧೭೬೫ರಲ್ಲಿ ಆಂಗ್ಲಿಕನ್ ಸಭೆಯ ಪಾದ್ರಿಯಾದ. ಆಫ್ರಿಕನ್ನರಲ್ಲಿ ಈ ದೀಕ್ಷೆ ಪಡೆದವರಲ್ಲಿ ಅವನೇ ಮೊದಲಿಗ. ಮರುವರ್ಷ ಊರಿಗೆ ಮರಳಿದಾಗ ತಾಯ್ನುಡಿಯೇ ನಾಲಗೆಯಿಂದ ಜಾರಿತ್ತು. ತನ್ನವರೊಡನೆ ಮಾತನಾಡಲು ದುಭಾಷಿ ಬೇಕಾಯಿತು! ೧೮೧೬ರಲ್ಲಿ ಸಾಯುವವರೆಗೆ, ಐವತ್ತು ವರ್ಷ, ಅವನು ಈ ಕೋಟೆಯ ಪಾದ್ರಿ. ಆರಾಧನೆಗೆ ಬಾರದ ಅಧಿಕಾರಿಗಳ ಬಗ್ಗೆ ಅವನು ಲಂಡನ್ನಿಗೆ ಬರೆದ ದೂರುಗಳು ಉಳಿದುಬಂದಿವೆ. ಅವನನ್ನು ಕಳುಹಿಸಿದ ಥಾಂಪ್ಸನ್ನನಾದರೋ ೧೭೭೨ರಲ್ಲಿ, ಗುಲಾಮರ ವ್ಯಾಪಾರ ಧರ್ಮಶಾಸ್ತ್ರಕ್ಕೆ ವಿರೋಧವಲ್ಲವೆಂದು ಸಾಧಿಸುವ ಪುಸ್ತಿಕೆಯನ್ನೇ ಪ್ರಕಟಿಸಿದ.

ಕೊನೆಗೆ ಮರದ ಆ ದೊಡ್ಡ ಬಾಗಿಲು. ‘ಮರಳಿ ಬಾರದ ಬಾಗಿಲು’ ಎಂದು ಅದರ ಹೆಸರು. ತೆರೆದೊಡನೆ ಕಣ್ಣು ಕುಕ್ಕುವ ಬಿಸಿಲು, ಬಣ್ಣದ ದೋಣಿಗಳು, ಬಲೆ ಹೆಣೆಯುತ್ತಿರುವ ಬೆಸ್ತರು, ಚೆಂಡಾಡುವ ಹುಡುಗರು. ತಿರುಗಿ ನೋಡಿದರೆ ಹೊರಮೈಯಲ್ಲಿ ಬೇರೆಯೇ ಹೆಸರು: ‘ಮರಳುವ ಬಾಗಿಲು’. ೧೯೯೮ರಲ್ಲಿ ಜಮೈಕದಿಂದಲೂ ಅಮೆರಿಕದಿಂದಲೂ ಇಬ್ಬರು ಗುಲಾಮರ ಅಸ್ಥಿಗಳನ್ನು ತಂದು, ಈ ಬಾಗಿಲಿನಿಂದಲೇ ಒಳತಂದು, ಒಳನಾಡಿನ ಅಸ್ಸಿನ್ ಮಾನ್ಸೊದಲ್ಲಿ ಮಣ್ಣುಮಾಡಿದರು.

ಜೀವಂತವಾಗಿ ಮರಳಿದವರೂ ಉಂಟು. ಆ ಕಥೆಯಲ್ಲಿ ಕನ್ನಡಿಗರಿಗೆ ಪರಿಚಿತವಾದ ಹೆಸರೊಂದು ಬರುತ್ತದೆ: ಬಾಸೆಲ್ ಮಿಶನ್. ೧೮೩೪ರಲ್ಲಿ ಮಂಗಳೂರಿಗೆ ಬಂದ ಈ ಸಂಸ್ಥೆ ಅದಕ್ಕೂ ಮೊದಲೇ, ೧೮೨೮ರಲ್ಲಿ, ಆಕ್ರಾದ ಕ್ರಿಶ್ಚಿಯನ್ಸ್‌ಬೋರ್ಗ್ ಕೋಟೆಯ ಬಳಿ ಕಾಲಿಟ್ಟಿತ್ತು. ಬಂದ ಬಿಳಿಯರು ಜ್ವರಕ್ಕೆ ತುತ್ತಾಗಿ ಒಬ್ಬೊಬ್ಬರಾಗಿ ಸತ್ತರು. ಬಿಳಿಯರ ದೇವರು ಕರಿಯರಿಗೂ ಸಲ್ಲುವನೇ ಎಂದು ಆಕ್ರೊಪಾಂಗಿನ ಅರಸ ಸಂಶಯಪಟ್ಟನೆಂದು ಐತಿಹ್ಯ. ಆಗ ಆಂಡ್ರಿಯಾಸ್ ರೀಸ್ ಎಂಬ ಪಾದ್ರಿ ಜಮೈಕ, ಆಂಟಿಗುವಾಗಳಿಂದ ಆಫ್ರಿಕನ್ ಮೂಲದ ಕ್ರೈಸ್ತ ಕುಟುಂಬಗಳನ್ನು ೧೮೪೩ರಲ್ಲಿ ಕರೆತಂದ. ಹಿರಿಯರು ಸಂಕೋಲೆಯಲ್ಲಿ ದಾಟಿದ ಕಡಲನ್ನು ಇವರು ಮಾವಿನ ಸಸಿಗಳೊಡನೆ ಮರಳಿ ದಾಟಿದರು. ಅದೇ ಮಿಶನ್ನಿನ ಕ್ರಿಸ್ಟಾಲರ್ ಅಲ್ಲಿನ ಟ್ವಿ ಭಾಷೆಗೆ ೧೮೮೧ರಲ್ಲಿ ನಿಘಂಟು ಕೊಟ್ಟ. ಕಿಟೆಲ್ಲರ ಕನ್ನಡ ನಿಘಂಟು ಬಂದದ್ದು ೧೮೯೪ರಲ್ಲಿ. ತಾಯ್ನುಡಿಯನ್ನು ಕಳೆದುಕೊಂಡ ಕೋಟೆಯ ಪಾದ್ರಿಯ ನಂತರ, ಜನರ ನುಡಿಯನ್ನು ಕಲಿಯಲು ಕುಳಿತ ಪಾದ್ರಿಗಳು ಬಂದರೆಂಬುದನ್ನೂ ಹೇಳಬೇಕು.

ಮರಳುವ ಬಸ್ಸಿನಲ್ಲಿ ಬೆಳಗಿನ ಗಲಾಟೆಯಿಲ್ಲ. ತೂಗುಸೇತುವೆಯ ಮೇಲೆ ತೆಗೆದ ಚಿತ್ರಗಳು ನೂರಾರು. ನೆಲಮಾಳಿಗೆಯಲ್ಲಿ ತೆಗೆದವು ಅಪರೂಪ. ಆಕ್ರಾ ಸೇರುವಷ್ಟರಲ್ಲಿ ಕತ್ತಲಾಗಿರುತ್ತದೆ. ಊಟಕ್ಕೆ ಮುಂಚಿನ ಪ್ರಾರ್ಥನೆಯ ಸರದಿ ಇಂದು ಯಾರದು ಎಂದು ಹಿರಿಯರು ಕೇಳಿದರೆ, ಕೆಲವು ಗಳಿಗೆ ಯಾರೂ ಬಾಯಿ ಬಿಡುವುದಿಲ್ಲ.