ರೊಟ್ಟಿಯ ಹಂಚಿಗೆ ಯಾವ ಒಲೆ?

ಹೊಸ ಮನೆ ಕಟ್ಟಿಸುವವರ ನಡುವೆ ಈಚೆಗೆ ಹೊಸದೊಂದು ಚರ್ಚೆ ಹುಟ್ಟಿಕೊಂಡಿದೆ. ದೇವರಮನೆ ಯಾವ ದಿಕ್ಕಿಗಿರಬೇಕು, ತಲೆಬಾಗಿಲು ಎಷ್ಟು ಅಗಲವಿರಬೇಕು ಎಂಬ ಪ್ರಶ್ನೆಗಳೆಲ್ಲ ಇತ್ಯರ್ಥವಾದ ಮೇಲೂ ಅಡುಗೆಮನೆಯ ಕಟ್ಟೆಯ ಮುಂದೆ ಮಾತು ನಿಂತುಬಿಡುತ್ತದೆ. ಕಟ್ಟೆಯ ಕಲ್ಲನ್ನು ಕೊಯ್ಯಿಸಿ, ಅಂಗಡಿಯವರು ‘ಹಾಬ್’ ಎಂದು ಕರೆಯುವ ಗ್ಯಾಸ್ ಒಲೆಯನ್ನು ಅದರೊಳಗೆ ಕೂಡಿಸುವುದೋ, ಬೆಂಕಿಯೇ ಕಾಣದ ಇಂಡಕ್ಷನ್ ಒಲೆಯನ್ನು ತರುವುದೋ? ಬಾಗಲಕೋಟೆಯ ನವನಗರದಲ್ಲಿರಲಿ, ಇಳಕಲ್ಲಿನ ಹೊಸ ಬಡಾವಣೆಯಲ್ಲಿರಲಿ, ಬಾದಾಮಿ ಹುನಗುಂದಗಳಲ್ಲಿರಲಿ, ಗೃಹಪ್ರವೇಶದ ಮುನ್ನ ಈ ಪ್ರಶ್ನೆಗೆ ಉತ್ತರ ಹೇಳಲೇಬೇಕಾಗಿದೆ.

ಉತ್ತರ ಹೇಳಲು ಜಾಹೀರಾತುಗಳೇನೋ ಬೇಕಾದಷ್ಟಿವೆ. ಆದರೆ ಅವುಗಳಲ್ಲಿ ಕಾಣುವ ಅಡುಗೆಮನೆ ನಮ್ಮದಲ್ಲ. ಅಲ್ಲಿ ಅನ್ನ ಬೇಯುತ್ತದೆ, ಚಹಾ ಕುದಿಯುತ್ತದೆ, ಸೂಪು ಸಿದ್ಧವಾಗುತ್ತದೆ. ಯಾರೂ ರೊಟ್ಟಿ ಬಡಿಯುವುದಿಲ್ಲ. ನಮ್ಮ ಸೀಮೆಯ ಒಲೆಗೆ ನಿಜವಾದ ಪರೀಕ್ಷೆ ಜೋಳದ ರೊಟ್ಟಿಯದು. ಅದರಲ್ಲಿ ತೇರ್ಗಡೆಯಾಗದ ಒಲೆ ಎಷ್ಟೇ ಥಳಥಳಿಸಿದರೂ ಈ ಮನೆಗಳಲ್ಲಿ ಅರ್ಧ ಒಲೆಯೇ ಸರಿ.

ನಾಲ್ಕು ಒಲೆ ಕಂಡ ತಲೆಮಾರು

ಇಂದು ಎಪ್ಪತ್ತು ದಾಟಿದ ಹೆಂಗಸರಲ್ಲಿ ಅನೇಕರು ಒಂದೇ ಬಾಳಿನಲ್ಲಿ ನಾಲ್ಕು ಬಗೆಯ ಒಲೆಗಳನ್ನು ಕಂಡಿದ್ದಾರೆ. ಕುಳ್ಳು ಕಟ್ಟಿಗೆಗಳ ಮಣ್ಣಿನ ಒಲೆ ಮೊದಲನೆಯದು, ಚಿಮಣಿ ಎಣ್ಣೆಯ ಸ್ಟೋ ಎರಡನೆಯದು, ಗ್ಯಾಸು ಮೂರನೆಯದು. ಇಂಡೇನ್ ಸಿಲಿಂಡರು 1965ರಲ್ಲಿ ಮೊದಲು ಕಲಕತ್ತೆಯ ಮನೆಗಳನ್ನು ಸೇರಿತು. ಬಡವರ ಹಳ್ಳಿಮನೆಗಳಿಗೆ ಗ್ಯಾಸು ದೊಡ್ಡ ಪ್ರಮಾಣದಲ್ಲಿ ಮುಟ್ಟಿದ್ದು 2016ರಲ್ಲಿ ಉಜ್ವಲಾ ಯೋಜನೆ ಆರಂಭವಾದ ನಂತರ. ಈಗ ನಾಲ್ಕನೆಯದು ಇಂಡಕ್ಷನ್. “ಬೆಂಕಿ ಕಾಣಲಾರದ ಒಲಿ ಅದೆಂಥಾ ಒಲಿಯವ್ವಾ?” ಎಂದು ಹಿರಿಯರು ಬೆರಗಿನಿಂದ ಕೇಳಿದರೆ ಆಶ್ಚರ್ಯವೇನೂ ಇಲ್ಲ.

ಬಾಗಲಕೋಟೆಯವರ ಪಾಲಿಗೆ ಈ ಬದಲಾವಣೆಯಲ್ಲಿ ಇನ್ನೊಂದು ಎಳೆಯೂ ಇದೆ. ಆಲಮಟ್ಟಿಯ ಹಿನ್ನೀರು ಹಳೆಯ ಊರಿನ ಓಣಿಗಳನ್ನು ಆಕ್ರಮಿಸಿದಾಗ ಸಾವಿರಾರು ಕುಟುಂಬಗಳು ನವನಗರಕ್ಕೆ ಬಂದು ನೆಲೆಸಿದವು. ಹಳೆಯ ಮನೆಯ ನೆಲದ ಒಲೆ ಅಲ್ಲಿಯೇ ಉಳಿಯಿತು. ಹೊಸ ಮನೆಯಲ್ಲಿ ಒಲೆ ಕಟ್ಟೆಯನ್ನೇರಿತು. ಅದೇ ಆಲಮಟ್ಟಿಯ ಬುಡದಲ್ಲಿ 290 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುದಾಗಾರವಿದೆ. ಹಳೆಯ ಒಲೆಯನ್ನು ಮುಳುಗಿಸಿದ ನೀರೇ ಹೊಸ ಒಲೆಗೆ ಬೇಕಾದ ವಿದ್ಯುತ್ತನ್ನೂ ಹುಟ್ಟಿಸುತ್ತಿದೆ!

ಬೆಂಕಿಯಿಲ್ಲದ ಶಾಖ

ಇಂಡಕ್ಷನ್ ಒಲೆಯಲ್ಲಿ ಮಾಯಾಮಂತ್ರವೇನೂ ಇಲ್ಲ. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ತತ್ತ್ವವೇ ಅದರ ಜೀವಾಳ. ಗಾಜಿನಂತೆ ಕಾಣುವ ಹಾಸಿನ ಕೆಳಗೆ ತಾಮ್ರದ ತಂತಿಯ ಸುರುಳಿಯಿದೆ. ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತನಗಳದ್ದು. ಒಲೆಯೊಳಗಿನ ಯಂತ್ರ ಅದನ್ನು 20,000ಕ್ಕೂ ಮೀರಿದ ಆವರ್ತನಕ್ಕೆ ಏರಿಸಿ ಸುರುಳಿಯಲ್ಲಿ ಹರಿಸುತ್ತದೆ. ಆಗ ಹುಟ್ಟುವ ಕಾಂತಶಕ್ತಿ ಪಾತ್ರೆಯ ತಳದಲ್ಲಿ ವಿದ್ಯುತ್ತಿನ ಸುಳಿಗಳನ್ನೆಬ್ಬಿಸಿ ತಳವನ್ನೇ ಕಾಯಿಸುತ್ತದೆ. ಎಂದರೆ ಇಲ್ಲಿ ಒಲೆ ಪಾತ್ರೆಯನ್ನು ಕಾಯಿಸುವುದಿಲ್ಲ, ಪಾತ್ರೆಯೇ ಒಲೆಯಾಗುತ್ತದೆ.

ಆದುದರಿಂದ ಪಾತ್ರೆಯ ಜಾತಿ ಇಲ್ಲಿ ಮುಖ್ಯ. ಕಬ್ಬಿಣಕ್ಕೂ ಕಾಂತ ಹಿಡಿಯುವ ಉಕ್ಕಿಗೂ ಮಾತ್ರ ಇಲ್ಲಿ ಪ್ರವೇಶ. ಜರ್ಮನ್ ಪಾತ್ರೆ, ತಾಮ್ರದ ಚರಿಗೆ, ಹಿತ್ತಾಳೆಯ ಬೋಗುಣಿ, ಮಣ್ಣಿನ ಗಡಿಗೆ ಯಾವುದೂ ಇದರ ಮೇಲೆ ಬಿಸಿಯಾಗದು. ಸ್ಟೀಲಿನ ಪಾತ್ರೆಗಳಲ್ಲಿಯೂ ಕೆಲವು ಕಾಂತಕ್ಕೆ ಒಲಿಯುವುದಿಲ್ಲ. ಒಲೆ ಕೊಳ್ಳುವ ಮೊದಲು ಚಿಕ್ಕದೊಂದು ಅಯಸ್ಕಾಂತವನ್ನು ಹಿಡಿದು ಮನೆಯ ಪಾತ್ರೆಗಳ ತಳಕ್ಕೆಲ್ಲ ತಾಗಿಸಿ ನೋಡಬೇಕು. ಗಟ್ಟಿಯಾಗಿ ಕಚ್ಚಿಕೊಂಡರೆ ಆ ಪಾತ್ರೆ ನಡೆಯುತ್ತದೆ. ಅರ್ಧಕ್ಕಿಂತ ಹೆಚ್ಚು ಪಾತ್ರೆಗಳು ಹೊರಗುಳಿದರೆ, ಒಲೆಯ ಬೆಲೆಗೆ ಹೊಸ ಪಾತ್ರೆಗಳ ಬೆಲೆಯನ್ನೂ ಕೂಡಿಸಿ ಲೆಕ್ಕ ಹಾಕಬೇಕಾಗುತ್ತದೆ.

ರೊಟ್ಟಿಯ ಮುಂದೆ

ರೊಟ್ಟಿಯ ಹಂಚು ಕಬ್ಬಿಣದ್ದಲ್ಲವೇ, ಹಾಗಾದರೆ ಅಡ್ಡಿಯೇನು ಎಂದು ಕೇಳಬಹುದು. ಅಡ್ಡಿಯಿರುವುದು ಹಂಚಿನ ಆಕಾರದಲ್ಲಿ. ಮನೆಬಳಕೆಯ ಇಂಡಕ್ಷನ್ ಒಲೆಗಳ ಸುರುಳಿ ಸಾಮಾನ್ಯವಾಗಿ ಒಂದು ಗೇಣಿಗಿಂತ ಅಗಲವಿರುವುದಿಲ್ಲ. ಹಂಚಾದರೋ ಅದಕ್ಕಿಂತ ಅಗಲ. ನಡುಭಾಗ ಕೆಂಪಗೆ ಕಾದರೂ ಅಂಚು ತಣ್ಣಗುಳಿಯುತ್ತದೆ. ರೊಟ್ಟಿಯ ನಡು ಸೀದು ಅಂಚು ಹಸಿಯಾಗುತ್ತದೆ. ಹಳೆಯ ಹಂಚುಗಳ ತಳ ತುಸು ಗುಂಡಗಿರುವುದರಿಂದ ಅವು ಗಾಜಿನ ಹಾಸಿಗೆ ಸರಿಯಾಗಿ ತಾಗುವುದೂ ಇಲ್ಲ. ಹಂಚು ಅತಿಯಾಗಿ ಕಾದೊಡನೆ ಕೆಳಗಿನ ಶಾಖಸೂಚಕ ಎಚ್ಚೆತ್ತು ಒಲೆಯನ್ನು ತಾನಾಗಿಯೇ ಆರಿಸಿಬಿಡುವುದುಂಟು. ಹತ್ತನೆಯ ರೊಟ್ಟಿಯ ಹೊತ್ತಿಗೆ ಹೀಗಾದರೆ ಬಡಿಯುವವರ ತಾಳ್ಮೆಯೂ ಆರಿಹೋಗುತ್ತದೆ.

ಇಷ್ಟೇ ಅಲ್ಲ. ಜೋಳದ ಹಿಟ್ಟಿನಲ್ಲಿ ಗೋದಿಯಂತೆ ಜಿಗುಟಿಲ್ಲ. ಕುದಿಯುವ ನೀರು ಹಾಕಿ ನಾದಿದಾಗಲೇ ಅದು ಒಂದುಗೂಡುತ್ತದೆ. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿ, ಕೊನೆಗೆ ಉರಿಯ ಮೇಲೆ ಹಿಡಿದಾಗ ಒಳಗಿನ ನೀರು ಉಗಿಯಾಗಿ ರೊಟ್ಟಿ ಉಬ್ಬುತ್ತದೆ. ಆ ಕೊನೆಯ ಗಳಿಗೆಗೆ ಬಯಲು ಉರಿ ಬೇಕು. ಬಾದಾಮಿಯ ಬನಶಂಕರಿಯಲ್ಲಿ ಬುಟ್ಟಿಯ ಬುತ್ತಿ ಬಿಚ್ಚಿ ರೊಟ್ಟಿ, ಪಲ್ಯ, ಮೊಸರು ಬಡಿಸುವ ತಾಯಂದಿರ ಕೈಯೂಟ ಉಂಡವರಿಗೆ ಆ ಉರಿಯ ರುಚಿಯನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಹಂಚಿನ ಮೇಲೆಯೇ ಅರಿವೆಯಿಂದ ಒತ್ತಿ ರೊಟ್ಟಿಯನ್ನು ಉಬ್ಬಿಸುವ ಜಾಣೆಯರಿದ್ದಾರೆ, ನಿಜ. ಆದರೆ ದಿನವೂ ಹದಿನೈದು ಇಪ್ಪತ್ತು ರೊಟ್ಟಿ ಬಡಿಯುವ ಮನೆಯಲ್ಲಿ ಗ್ಯಾಸಿನ ಒಂದು ಉರಿಯನ್ನಾದರೂ ಉಳಿಸಿಕೊಳ್ಳುವುದು ಲೇಸು. ಬದನೆಕಾಯಿ ಸುಡುವುದಕ್ಕೂ ಅದೇ ಉರಿ ಬೇಕು.

ಪಾಕದ ಕೆಲಸದಲ್ಲಿಯೂ ಎಚ್ಚರ ಅಗತ್ಯ. ಹುನಗುಂದದ ಬಳಿಯ ಅಮೀನಗಡ ಕರದಂಟಿಗೆ ಹೆಸರಾದುದು. ಅಂತಹ ಬೆಲ್ಲದ ತಿನಿಸಿಗೆ ಸಣ್ಣಗೆ ಸಮನಾಗಿರುವ ಉರಿ ಬೇಕು. ಅಗ್ಗದ ಇಂಡಕ್ಷನ್ ಒಲೆಗಳಲ್ಲಿ ‘ಸಣ್ಣ ಉರಿ’ ಎಂಬುದು ನಿಜವಾಗಿ ಸಣ್ಣ ಉರಿಯಲ್ಲ. ಪೂರ್ಣ ಶಾಖ ಕೆಲವು ಕ್ಷಣ ಬಂದು, ಕೆಲವು ಕ್ಷಣ ನಿಂತು, ಮತ್ತೆ ಬರುತ್ತದೆ. ತೆಳುತಳದ ಪಾತ್ರೆಯಲ್ಲಿ ಇದರಿಂದ ಪಾಕ ಕೆಡುವ ಸಂಭವವುಂಟು.

ಗೆಲ್ಲುವ ಕಡೆ

ಹೀಗೆಂದು ಇಂಡಕ್ಷನ್ ಒಲೆಯನ್ನು ತಳ್ಳಿಹಾಕುವಂತಿಲ್ಲ. ಕುದಿಸುವ ಬೇಯಿಸುವ ಕೆಲಸಗಳಲ್ಲಿ ಅದು ಮುಂದು. ಹಾಲು, ಚಹಾ, ಬೇಳೆ, ಅನ್ನ, ರೊಟ್ಟಿಯ ಹಿಟ್ಟಿಗೆ ಬೇಕಾದ ಬಿಸಿನೀರು ಇವೆಲ್ಲ ಬೇಗ ಆಗುತ್ತವೆ. ಹೊತ್ತು ಗೊತ್ತುಮಾಡಿಟ್ಟರೆ ಒಲೆ ತಾನೇ ಆರುತ್ತದೆ. ಇಳಕಲ್ಲಿನ ನೇಕಾರರ ಮನೆಯಲ್ಲಿ ಬೇಳೆ ಬೇಯಲಿಟ್ಟು ಮಗ್ಗಕ್ಕೆ ಕೂರುವ ಗೃಹಿಣಿಗೆ ಇದು ಸಣ್ಣ ಉಪಕಾರವಲ್ಲ.

ಬೇಸಗೆಯಲ್ಲಂತೂ ಇದರ ಗುಣ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಬಿಸಿಲು 40 ಡಿಗ್ರಿ ಮುಟ್ಟುವ ನಮ್ಮ ಊರುಗಳಲ್ಲಿ ಗ್ಯಾಸಿನ ಮುಂದೆ ನಿಂತವರು ಫ್ಯಾನು ಹಾಕುವಂತಿಲ್ಲ. ಹಾಕಿದರೆ ಉರಿ ಚೆದರುತ್ತದೆ. ಇಂಡಕ್ಷನ್ ಒಲೆಗೆ ಗಾಳಿಯ ಭಯವಿಲ್ಲ. ಗ್ಯಾಸಿನ ಜ್ವಾಲೆ ಹೊಗೆ ಉಗುಳದಿದ್ದರೂ ನೈಟ್ರೋಜನ್ ಡೈಆಕ್ಸೈಡನ್ನು ಬಿಡುತ್ತದೆ. ಕಿಟಕಿ ಮುಚ್ಚಿದ ಅಡುಗೆಮನೆಯಲ್ಲಿ ಉಬ್ಬಸವಿರುವವರಿಗೆ ಅದು ಒಳ್ಳೆಯದಲ್ಲ.

ಖರ್ಚಿನ ಲೆಕ್ಕ

ಯಾವುದು ಅಗ್ಗ ಎಂಬುದಕ್ಕೆ ಮನೆಯಲ್ಲಿಯೇ ಮಾಡಬಹುದಾದ ಸುಲಭ ಲೆಕ್ಕವಿದೆ. 14.2 ಕಿಲೋ ಗ್ಯಾಸಿನಲ್ಲಿ ಸುಮಾರು 180 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖವಿದೆ. ಒಳ್ಳೆಯ ಒಲೆ ಅದರಲ್ಲಿ ಮೂರನೆಯ ಎರಡು ಪಾಲನ್ನು, ಎಂದರೆ 120 ಯೂನಿಟ್‌ನಷ್ಟನ್ನು ಪಾತ್ರೆಗೆ ಮುಟ್ಟಿಸುತ್ತದೆ. ಇಂಡಕ್ಷನ್ ಒಲೆ ತಾನು ಪಡೆದ ವಿದ್ಯುತ್ತಿನಲ್ಲಿ ನೂರಕ್ಕೆ 85ರಷ್ಟನ್ನು ಮುಟ್ಟಿಸಬಲ್ಲದು. ಆದುದರಿಂದ ಒಂದು ಸಿಲಿಂಡರಿನ ಕೆಲಸಕ್ಕೆ ಸುಮಾರು 140 ಯೂನಿಟ್ ಬೇಕು. ಸಿಲಿಂಡರಿಗೆ ನೀವು ಕೊಡುವ ಹಣವನ್ನು 140ರಿಂದ ಭಾಗಿಸಿರಿ. ಉದಾಹರಣೆಗೆ 840 ರೂಪಾಯಿಯಾದರೆ 6 ರೂಪಾಯಿ ಬಂತು. ನಿಮ್ಮ ವಿದ್ಯುತ್ ಬಿಲ್ಲಿನ ಯೂನಿಟ್ ದರ ಅದಕ್ಕಿಂತ ಕಡಿಮೆಯಿದ್ದರೆ ಇಂಡಕ್ಷನ್ ಅಗ್ಗ. ಹೆಚ್ಚಿದ್ದರೆ ಗ್ಯಾಸು ಅಗ್ಗ. ಉರಿ ಪಾತ್ರೆಯ ಪಕ್ಕಕ್ಕೆ ಹಾಯುವಂತೆ ಗ್ಯಾಸು ಉರಿಸುವವರ ಮನೆಯಲ್ಲಿ ತಕ್ಕಡಿ ಇಂಡಕ್ಷನ್ ಕಡೆಗೆ ಇನ್ನಷ್ಟು ವಾಲುತ್ತದೆ.

ಆದರೆ ನಮ್ಮ ರಾಜ್ಯದಲ್ಲಿ ಇನ್ನೊಂದು ಗಂಟಿದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ನಿಯಮದಂತೆ, ಮನೆಯ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಕೂಡಿಸಿ ಅಷ್ಟು ವಿದ್ಯುತ್ತನ್ನು ಉಚಿತವಾಗಿ ಕೊಡುತ್ತಾರೆ. ಆ ಮಿತಿ ಮೀರಿದರೆ ಹೆಚ್ಚಾದ ಯೂನಿಟ್ಟಿಗೆ ಹಣ ತೆರಬೇಕು; ಒಟ್ಟು ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನೇ ತೆರಬೇಕು. ತಿಂಗಳಿಗೆ 90 ಯೂನಿಟ್ ಬಳಸುವ, ಒಂದು ಸಿಲಿಂಡರು ತೀರಿಸುವ ಮನೆಯೊಂದು ಎಲ್ಲ ಅಡುಗೆಯನ್ನೂ ಇಂಡಕ್ಷನ್ನಿಗೆ ಒಪ್ಪಿಸಿದರೆ ಬಳಕೆ 230 ಮುಟ್ಟಿ, ಉಚಿತದ ಲಾಭ ಆ ತಿಂಗಳು ಪೂರ್ತಿ ತಪ್ಪಿಹೋಗುತ್ತದೆ. ಅರ್ಧ ಅಡುಗೆಯನ್ನು ಒಪ್ಪಿಸಿದರೆ 160ರಲ್ಲಿ ನಿಲ್ಲುತ್ತದೆ. ಒಲೆ ಕೊಳ್ಳುವ ಮುಂಚೆ ಹಳೆಯ ಬಿಲ್ಲುಗಳನ್ನು ತೆಗೆದು ನೋಡುವುದು ಜಾಣತನ.

ಕಲ್ಲು ಕೊಯ್ಯುವ ಮುನ್ನ

ಇಳಕಲ್ಲಿನ ಕೆಂಪು ಗ್ರಾನೈಟ್ ದೇಶವಿದೇಶಗಳಲ್ಲಿ ಹೆಸರಾದುದು. ಅಂತಹ ಕಲ್ಲನ್ನು ಕಟ್ಟೆಗೆ ಹಾಸಿ, ಅದರ ನಡುವೆ ಹಾಬ್ ಕೂಡಿಸಲೆಂದು ರಂಧ್ರ ಕೊಯ್ದ ಮೇಲೆ ಅದನ್ನು ಮತ್ತೆ ಕೂಡಿಸಲು ಬಾರದು. ಹಾಬಿನ ಅಳತೆ ಕಂಪನಿಯಿಂದ ಕಂಪನಿಗೆ ಬೇರೆ. ಹತ್ತು ವರ್ಷಗಳ ನಂತರ ಒಲೆ ಕೆಟ್ಟರೆ ಅದೇ ಅಳತೆಯ ಒಲೆಯನ್ನು ಹುಡುಕಿಕೊಂಡು ಅಲೆಯಬೇಕು. ಅಗಲವಾದ ರೊಟ್ಟಿಯ ಹಂಚಿಟ್ಟರೆ ಪಕ್ಕದ ಬರ್ನರಿನ ಮೇಲೆ ಪಾತ್ರೆಗೆ ಜಾಗವಿಲ್ಲದೆ, ನಾಲ್ಕು ಬರ್ನರಿನ ಒಲೆ ಮೂರಕ್ಕಿಳಿಯುವುದೂ ಉಂಟು. ಗಾಜಿನ ಹಾಸಿನ ಮೇಲೆ ಭಾರವಾದ ಹಂಚನ್ನು ಬೀಳಿಸಿದರೆ ಒಡೆಯುವ ಭಯವೂ ಇದೆ. ಕಟ್ಟೆಯ ಮೇಲೆ ಇಡುವ ಸಾದಾ ಎರಡು ಬರ್ನರಿನ ಒಲೆಯಾದರೆ ಈ ತೊಡಕುಗಳು ಕಡಿಮೆ. ತೊಳೆಯಲು, ಸರಿಸಲು, ಬದಲಿಸಲು ಸುಲಭ.

ವಿದ್ಯುತ್ತಿನ ವಿಷಯದಲ್ಲಿ, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ನೆನೆಯಬೇಕು. 2,000 ವ್ಯಾಟಿನ ಇಂಡಕ್ಷನ್ ಒಲೆ ಸುಮಾರು 9 ಆಂಪಿಯರ್ ಎಳೆಯುತ್ತದೆ. ಮಿಕ್ಸರಿಗೆಂದು ಹಾಕಿಸಿದ 6 ಆಂಪಿಯರಿನ ಪ್ಲಗ್ಗು ಇದಕ್ಕೆ ಸಾಲದು. ಸರಿಯಾದ ಭೂಸಂಪರ್ಕವಿರುವ 16 ಆಂಪಿಯರಿನ ಪ್ರತ್ಯೇಕ ಪ್ಲಗ್ಗು ಬೇಕು. ಗೋಡೆ ಮುಗಿಯುವ ಮೊದಲೇ ಇದನ್ನು ಹಾಕಿಸಿದರೆ ಖರ್ಚು ಅಲ್ಪ. ಬಣ್ಣ ಬಳಿದ ಮೇಲೆ ಗೋಡೆ ಒಡೆಯುವುದು ದುಬಾರಿ.

ಗ್ಯಾಸಿಗೂ ತನ್ನದೇ ಕಟ್ಟಳೆಗಳಿವೆ. ಸೋರಿದ ಗ್ಯಾಸು ಗಾಳಿಗಿಂತ ಭಾರವಾದುದರಿಂದ ನೆಲದಲ್ಲಿಯೇ ಮಡುಗಟ್ಟುತ್ತದೆ. ಆದುದರಿಂದ ಸಿಲಿಂಡರನ್ನು ಗಾಳಿಯಾಡದ ಕಪಾಟಿನೊಳಗೆ ಹುದುಗಿಸಬಾರದು. ವಾಸನೆ ಬಂದರೆ ದೀಪದ ಸ್ವಿಚ್ಚನ್ನು ಮುಟ್ಟದೆ, ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ದೂರವಾಣಿ ಮಾಡಬೇಕು. ಇಂಡಕ್ಷನ್ ಒಲೆಯಲ್ಲಿ ಈ ಭಯವಿಲ್ಲ. ಆದರೆ ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ಉರಿಯುತ್ತಿರುವ ಇಂಡಕ್ಷನ್ ಒಲೆಯಿಂದ ಎರಡಡಿ ದೂರವಿರುವುದು ಕ್ಷೇಮ. ವೈದ್ಯರ ಸಲಹೆಯನ್ನೂ ಕೇಳಬೇಕು.

ತೀರ್ಮಾನ ಯಾರದು?

ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತು ಮುಗಿಸುವುದು ತರವಲ್ಲ. ಓದಲೆಂದು ಬಾಗಲಕೋಟೆಗೆ ಬಂದು ಕೋಣೆ ಹಿಡಿದಿರುವ ವಿದ್ಯಾರ್ಥಿಗೆ, ರೊಟ್ಟಿಯನ್ನು ಹೊರಗಿನಿಂದ ತರಿಸುವ ಇಬ್ಬರ ಸಂಸಾರಕ್ಕೆ, ಇಂಡಕ್ಷನ್ ಒಂದೇ ಸಾಕು. ದಿನವೂ ರೊಟ್ಟಿ ಬಡಿಯುವ ತುಂಬು ಕುಟುಂಬಕ್ಕೆ ಎರಡು ಬರ್ನರಿನ ಗ್ಯಾಸು, ಪಕ್ಕದಲ್ಲಿ ಎತ್ತಿಡಬಹುದಾದ ಒಂದು ಇಂಡಕ್ಷನ್: ಇದೇ ಸರಿಯಾದ ಜೋಡಿ. ಗ್ಯಾಸು ತೀರಿದ ಬೆಳಗು ವಿದ್ಯುತ್ತು ಕೈಹಿಡಿಯುತ್ತದೆ. ವಿದ್ಯುತ್ತು ಹೋದ ಸಂಜೆ ಗ್ಯಾಸು ಉರಿಯುತ್ತದೆ. ಕಟ್ಟೆಯ ಕಲ್ಲು ಇಡಿಯಾಗಿಯೇ ಇರಲಿ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಅನೇಕ ಮನೆಗಳಲ್ಲಿ ಒಲೆಯನ್ನು ಆರಿಸುವವರು ನಕ್ಷೆ ಬರೆದ ಎಂಜಿನಿಯರು, ಹಣ ಕೊಡುವ ಯಜಮಾನರು, ದೂರದ ಊರಿನಲ್ಲಿರುವ ಮಗ. ಒಲೆಯ ಮುಂದೆ ನಿಲ್ಲುವವರನ್ನು ಕೇಳುವುದು ಗೃಹಪ್ರವೇಶದ ಹಾಲು ಉಕ್ಕಿಸುವ ದಿನ! ದಿನಕ್ಕೆ ಎಷ್ಟು ರೊಟ್ಟಿ ಬೇಕು, ಯಾವ ಹಂಚಿನ ಮೇಲೆ ಬೇಯಿಸುತ್ತೀರಿ, ಕಟ್ಟೆ ಎಷ್ಟು ಎತ್ತರವಿದ್ದರೆ ಸೊಂಟ ನೋಯದು ಎಂಬ ಮೂರು ಪ್ರಶ್ನೆಗಳನ್ನು ಅಡಿಪಾಯ ಹಾಕುವ ಮೊದಲೇ ಅವರಿಗೆ ಕೇಳಿದರೆ, ಅರ್ಧ ತಪ್ಪುಗಳು ಹುಟ್ಟುವುದೇ ಇಲ್ಲ.

ಇಳಕಲ್ ಸೀರೆಯ ಮೈ ಹತ್ತಿಯದು, ಸೆರಗು ರೇಷ್ಮೆಯದು. ನೇಕಾರರು ಎರಡೂ ಹಾಸುಗಳ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ಯಾವುದರ ಕೆಲಸವನ್ನು ಯಾವುದೂ ಕಸಿಯುವುದಿಲ್ಲ. ಅಡುಗೆಮನೆಯಲ್ಲಿ ಹಳೆಯ ಉರಿಯನ್ನೂ ಹೊಸ ಶಾಖವನ್ನೂ ಹೀಗೆಯೇ ಹೊಂದಿಸಿಕೊಂಡರೆ ರೊಟ್ಟಿಯೂ ಉಬ್ಬೀತು, ಬಡಿಯುವ ಕೈಗಳಿಗೆ ಬಿಡುವೂ ದೊರೆತೀತು.